ಸಾಸಿವೆ ಹಾಕಿ ಆರಿಸಿದ ಕಾಟಾ

ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂಬ ಗಾದೆಯನ್ನು ಬುದ್ಧಿ ತಿಳಿದಾಗಿನಿಂದ ಕೇಳುತ್ತ ಬೆಳೆದವನು ನಾನು. ಅಥಣಿಯ ನನ್ನ ಅಂಗಡಿಗೆ ಬಂದವರು ಮೊದಲು ನನ್ನ ಬೆರಳು ನೋಡುತ್ತಿದ್ದರು, ಆಮೇಲೆ ಮುಖ. ಹೀಗಾಗಿ ನಾನೂ ಯಾರನ್ನೂ ಸುಲಭಕ್ಕೆ ನಂಬುತ್ತಿರಲಿಲ್ಲ. ನನಗೆ ಕಸುಬು ಕಲಿಸಿದ ಸೋದರಮಾವನಂತೂ ದೇವರ ಪ್ರಸಾದವನ್ನೂ ಮೂಸಿ ನೋಡಿಯೇ ಬಾಯಿಗೆ ಹಾಕಿಕೊಳ್ಳುವ ಮನುಷ್ಯ.

ವಯಸ್ಸಾದ ಮೇಲೆ ಮಾವ ಕುಲುಮೆ ಬಿಟ್ಟು ಐನಾಪುರದ ತನ್ನ ಕಬ್ಬಿನ ಹೊಲ ನೋಡಿಕೊಂಡಿದ್ದ. ಕಾಡುಹಂದಿ ಓಡಿಸಲು ಲೈಸೆನ್ಸಿನ ಹಳೆಯ ಬಂದೂಕಿತ್ತು. ಪ್ರತಿ ಸಲವೂ ನಳಿಗೆಯ ಬಾಯಿಂದ ಮದ್ದು ಸುರಿದು ಜಡಿಯಬೇಕು. ಒಂದೊಂದು ಗುಂಡಿಗೆ ಬೇಕಾಗುವಷ್ಟು ಮದ್ದನ್ನು ಪುಟ್ಟ ಹಿತ್ತಾಳೆ ಅಳತೆಯಲ್ಲಿ ಅಳೆದು, ಕಾಗದದ ಪೊಟ್ಟಣ ಕಟ್ಟಿಡುತ್ತಿದ್ದ. ತೊಂಬತ್ತರ ದಶಕದ ನಡುವೆ ಒಂದು ಹಂಗಾಮಿನಲ್ಲಿ ಆ ಬಂದೂಕು ಅವನನ್ನೇ ಒದೆಯಿತು. ಭುಜ ಬಾತು ಹದಿನೈದು ದಿನ ಅಂಗಿ ತೊಡಲಾಗಲಿಲ್ಲ. ಮದ್ದು ಮಾರಿದವನು ಏನೋ ಬೆರೆಸಿದ್ದಾನೆ ಎಂದು ಮಾವ ಊರೆಲ್ಲ ಬೈದುಕೊಂಡು ತಿರುಗಿದ. ಅತ್ತೆ ಮಾತ್ರ ಒಬ್ಬಳೇ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಳು. ಮುಂದಿನ ಸಲ ಕಣ್ಣೇ ಹೋದೀತು, ಆ ಪೊಟ್ಟಣಗಳನ್ನೊಮ್ಮೆ ತೂಗಿ ನೋಡು ಅಂದಳು.

ನನಗೂ ಹೊಸ ತಕ್ಕಡಿ ಬೇಕಾಗಿತ್ತು. ಅಂಕಿ ತೋರಿಸುವ ಕರೆಂಟಿನ ತಕ್ಕಡಿಗೆ ಆಗ ನಮ್ಮ ಕಡೆ ಕಂಪ್ಯೂಟರ್ ಕಾಟಾ ಎನ್ನುತ್ತಿದ್ದರು. ನನ್ನ ಆಯ್ಕೆಯ ಮೇಲೆ ನಂಬಿಕೆ ಇಲ್ಲದ ಮಾವ ನಿಪ್ಪಾಣಿಗೆ ತಾನೂ ಹೊರಟು ನಿಂತ. ಅಲ್ಲಿಯ ಅಂಗಡಿಯವನು ಸಿಹಿಸಿಹಿ ಮರಾಠಿಯಲ್ಲಿ ಮಾತಾಡುತ್ತ ಎರಡು ಕಾಟಾ ಮುಂದಿಟ್ಟ. ಅವನ ಸಿಹಿ ಮಾತೇ ನನಗೆ ಸಂಶಯ ಹುಟ್ಟಿಸಿತು. ಮಾವನ ಸಿಟ್ಟು ಬೇರೆಯೇ. ತಕ್ಕಡಿಯ ಮೋಸ ಹಿಡಿಯಬೇಕೆಂದರೆ ಎರಡೂ ಕಡೆಯ ತಟ್ಟೆ ಅದಲುಬದಲು ಮಾಡಿ ತೂಗಬೇಕು, ಇದಕ್ಕೆ ಇರುವುದೇ ಒಂದು ತಟ್ಟೆ, ಇದರ ಕಳ್ಳತನ ಹಿಡಿಯುವವರು ಯಾರು ಎಂದು ಅವನ ತಕರಾರು.

ಒಂದು ಕಾಟಾದ ಅಂಕಿ ಗಟ್ಟಿಯಾಗಿ ನಿಲ್ಲುತ್ತಿತ್ತು, ಇನ್ನೊಂದರದು ಫ್ಯಾನಿನ ಗಾಳಿಗೂ ನಡುಗುತ್ತಿತ್ತು. ಗಟ್ಟಿಯಾಗಿ ನಿಂತದ್ದರ ಕಡೆ ನಾನು ವಾಲಿದೆ. ಮಾವ ಪಕ್ಕದ ಕಿರಾಣಿ ಅಂಗಡಿಯಿಂದ ಒಂದು ಚಿಟಿಕೆ ಸಾಸಿವೆ ತಂದ. ಫ್ಯಾನ್ ನಿಲ್ಲಿಸಲು ಹೇಳಿ, ಎರಡರ ಮೇಲೂ ಒಂದೊಂದು ತೂಕದ ಬೊಟ್ಟು ಇಟ್ಟು, ಒಂದೊಂದೇ ಕಾಳು ಹಾಕುತ್ತ ಹೋದ. ನಡುಗುತ್ತಿದ್ದುದರ ಅಂಕಿ ಮೆಲ್ಲಗೆ ಏರಿತು. ಗಟ್ಟಿಯಾಗಿ ನಿಂತಿದ್ದು ಇಪ್ಪತ್ತು ಕಾಳಿಗೂ ಜಪ್ಪಯ್ಯ ಅನ್ನಲಿಲ್ಲ.

“ಅಲುಗಂಗಿಲ್ಲ ಅಂದ್ರ ಖರೇ ಹೇಳತೈತಿ ಅಂತಲ್ಲೋ,” ಅಂದ ಮಾವ. “ಹಾಕಿದ್ದ ಇದಕ್ಕ ಗೊತ್ತ ಆಗವಲ್ದು.”

ನಡುಗುವ ಕಾಟಾ ಕೊಂಡೆವು. ಮರುದಿನ ಐನಾಪುರದ ಮನೆಯಲ್ಲಿ ಒಲೆ ಆರಿಸಿ, ಕಿಟಕಿ ಮುಚ್ಚಿ, ಹನ್ನೆರಡು ಪೊಟ್ಟಣ ತೂಗಿದೆ. ಹನ್ನೊಂದು ಸರಿಸುಮಾರು ಒಂದೇ ತೂಕ ಬಂದವು. ಒಂದು ಮಾತ್ರ ಎರಡರಷ್ಟು ಬಂತು. ಮಾವ ಮತ್ತೆ ಇಡು ಅಂದ, ಇಟ್ಟೆ. ಮತ್ತೊಮ್ಮೆ ಇಟ್ಟೆ. ಕೊನೆಗೆ ಅವನೇ ಪೊಟ್ಟಣ ಬಿಚ್ಚಿ ತನ್ನ ಹಿತ್ತಾಳೆ ಅಳತೆಗೆ ಸುರಿದ. ಅಳತೆ ತುಂಬಿತು. ಕಾಗದದಲ್ಲಿ ಇನ್ನೂ ಒಂದು ಅಳತೆಯಷ್ಟು ಮದ್ದು ಉಳಿದಿತ್ತು. ಒಮ್ಮೆ ಹಾಕಿದ್ದನ್ನು ಮರೆತು ಇನ್ನೊಮ್ಮೆ ಹಾಕಿದ್ದ. ಭುಜಕ್ಕೆ ಒದ್ದದ್ದೂ ಇಂಥದೇ ಪೊಟ್ಟಣವಿರಬೇಕು.

ಮಾವ ನನ್ನ ಮುಖ ನೋಡಲಿಲ್ಲ. “ನಿಮ್ಮ ಅತ್ತಿ ಮುಂದ ಕಾಟಾ ಕೆಟ್ಟೈತಿ ಅಂತ ಹೇಳಿಬಿಡು,” ಅಂದ.

ಗುಲಗಂಜಿಯಷ್ಟು ತೂಕಕ್ಕೆ ಸುಳ್ಳು ಹೇಳಿದರೆ ಕೈ ಮುರಿಯುತ್ತೇನೆ ಎಂದು ನನ್ನನ್ನು ಬೆಳೆಸಿದವನು ಅವನು. ಅದಕ್ಕಿಂತ ಮೇಲಾಗಿ ಅವನ ಕಣ್ಣು ಉಳಿಯಬೇಕಿತ್ತು. ಹಿತ್ತಲಲ್ಲಿ ಜೋಳ ಹಸನು ಮಾಡುತ್ತಿದ್ದ ಅತ್ತೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳ ಕೈಯಲ್ಲಿನ ಮೊರ ನಿಲ್ಲಲೂ ಇಲ್ಲ.

“ವರ್ಷಾತು, ದಿನಾ ಎರಡೆರಡ ಸಲ ಜಳಕಕ್ಕ ನೀರ ಕೇಳ್ತಾರ,” ಅಂದಳು. “ನಾ ನಿನಗ ತೂಗಾಕ ಹೇಳಿದ್ದು ಮದ್ದಲ್ಲಪ್ಪ.”

ಮದ್ದಿನವನನ್ನು, ಕಾಟಾದವನನ್ನು, ಕಾಟಾವನ್ನೂ ಸಂಶಯಿಸಿದ್ದ ನನಗೆ ಮಾವನ ಮೇಲೆ ಒಂದು ಕಾಳಿನಷ್ಟೂ ಸಂಶಯ ಬಂದಿರಲಿಲ್ಲ. ನನಗೆ ನಾಚಿಕೆಯಾಯಿತು.

ಮುಂದಿನ ವಾರ ಅತ್ತೆಯೇ ಅವನನ್ನು ಒಪ್ಪಿಸಿದಳು. ಬಂದೂಕನ್ನು ಠಾಣೆಗೆ ಕೊಟ್ಟು ಬರಲು ನಾನೂ ಮಾವನೂ ಕಾಗವಾಡದ ಬಸ್ಸು ಹತ್ತಿದೆವು. ಗೋಣಿ ಸುತ್ತಿದ ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಿಗೆ ಹೊರಟಿದ್ದೇವೆ ಎಂದು ದಾರಿಯಲ್ಲಿ ಅವನು ಮೂರು ಸಲ ಕೇಳಿದ. ಮೂರು ಸಲವೂ ನಿಜವನ್ನೇ ಹೇಳಿದೆ. ಮೂರು ಸಲವೂ ಅವನ ಮುಖ ಹೊಸದಾಗಿ ಬಾಡಿತು.