ಸೂಜಿಯಿಲ್ಲದ ಆರು ತಿಂಗಳು

ಬಟ್ಟೆಯ ಮೇಲೆ ಬಿಸಿ ಮೇಣದಿಂದ ಚುಕ್ಕಿ ಬಿಡಿಸುವುದರಲ್ಲಿ ಲಾಸೆಮ್ ಊರಿಗೆಲ್ಲ ಸುಮಿಯಾತಿಯ ಕೈಯೇ ಕೈ. ಆದರೆ ಮಹಾ ಹಟಮಾರಿ. ಮೊದಲ ಸಲ ಕ್ಷಯ ಬಂದಾಗ, ಕೆಮ್ಮು ನಿಂತಿತಲ್ಲ ಎಂದು ಎರಡೇ ತಿಂಗಳಿಗೆ ಮಾತ್ರೆ ಬಿಟ್ಟಳು. ತಿರುಗಿ ಬಂದ ರೋಗ ಹಳೆಯ ಮಾತ್ರೆಗಳಿಗೆ ಜಗ್ಗಲಿಲ್ಲ.

ಅಂಥದೇ ಮೊಂಡು ಕ್ಷಯ ಹದಿನಾಲ್ಕು ವರ್ಷದ ಹಿಂದೆ ಅವಳ ಅಕ್ಕ ಕಸ್ಮಿಗೂ ಬಂದಿತ್ತು. ಇಪ್ಪತ್ತು ತಿಂಗಳು ಔಷಧ, ಅದರಲ್ಲಿ ಎಂಟು ತಿಂಗಳು ದಿನಾ ಸೂಜಿ. ಜೀವವೇನೋ ಉಳಿಯಿತು, ಆದರೆ ಸೂಜಿಮದ್ದಿಗೆ ಎರಡೂ ಕಿವಿ ಹೋದವು. ಈಗ ತುಟಿ ನೋಡಿ ಮಾತು ತಿಳಿಯುತ್ತಾಳೆ. ಸುಮಿಯಾತಿಗೆ ಸಿಕ್ಕಿದ್ದು ಹೊಸ ಔಷಧ: ಬರೀ ಮಾತ್ರೆ, ಆರೇ ತಿಂಗಳು.

ಕಫದಲ್ಲಿ ರೋಗಾಣು ಇಲ್ಲವೆಂದು ಗೊತ್ತಾದ ಮೇಲೆ ಜೊತೆಗೆ ಚುಕ್ಕಿ ಬಿಡಿಸುವ ಹೆಂಗಸರು ಮೇಣದ ಬಾಣಲೆಯ ಸುತ್ತ ಅವಳಿಗೆ ಮತ್ತೆ ಜಾಗ ಕೊಟ್ಟರು. ನಾಲ್ಕನೇ ತಿಂಗಳಿಗೆ ಅಂಗಾಲು ಜುಮುಗುಟ್ಟಿ, ಆಮೇಲೆ ಮರಗಟ್ಟಿತು. ವಿದಾರ್ತಿ ಎಂಬ ನರ್ಸ್ ಕೇಳಿದಾಗಲೆಲ್ಲ ಸುಮಿಯಾತಿ "ಏನೂ ಇಲ್ಲ" ಎಂದಳು. ಹೇಳಿದರೆ ಮಾತ್ರೆ ಬಿಡಿಸಿ ಸೂಜಿ ಶುರು ಮಾಡುತ್ತಾರೆ, ತನ್ನ ಕಿವಿಯೂ ಹೋಗುತ್ತದೆ ಎಂಬ ಹೆದರಿಕೆ ಪಾಪ ಅವಳಿಗೆ.

ಒಂದು ಬೆಳಿಗ್ಗೆ ಬಾಣಲೆಯ ಮುಂದೆ ಕುಳಿತು, ಮೇಣದ ಲೇಖನಿಯ ಮೂತಿಗೆ ಉಫ್ ಎಂದು ಊದಿ ಚುಕ್ಕಿ ಇಡುತ್ತಿದ್ದಳು. ಕಾಲ್ಬೆರಳು ಒಲೆಗೆ ತಾಗಿ ಬೊಬ್ಬೆ ಎದ್ದದ್ದು ಅವಳಿಗೆ ತಿಳಿಯಲೇ ಇಲ್ಲ. ಎದುರು ಕುಳಿತ ಕಸ್ಮಿ ನೋಡಿದಳು. ಲೇಖನಿ ಕಸಿದಿಟ್ಟು, ತಂಗಿಯ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು.

"ಎಷ್ಟು ದಿನದಿಂದ?" ನರ್ಸ್ ಕೇಳಿದಳು.

"ಒಂದೂವರೆ ತಿಂಗಳು."

"ಅಯ್ಯೋ ಪುಣ್ಯಾತ್ಗಿತ್ತಿ, ಆಗ್ಲೇ ಹೇಳಿದ್ರೆ ಜೋಮು ಬರ್ಸೋ ಆ ಒಂದು ಮಾತ್ರೆ ಕಮ್ಮಿ ಮಾಡ್ಬಹುದಿತ್ತು. ಈಗ್ಲೂ ಡಾಕ್ಟ್ರು ಅದನ್ನೇ ಮಾಡ್ತಾರೆ. ಜೋಮು ಪೂರ್ತಿ ಹೋಗುತ್ತೆ ಅಂತ ಮಾತ್ರ ಹೇಳಕ್ಕಾಗಲ್ಲ."

"ಸೂಜಿ?"

"ಎಲ್ಲಿ ಸೂಜಿ? ಆ ಮದ್ದು ಬಿಟ್ಟು ಎಷ್ಟೋ ವರ್ಷ ಆಯ್ತು."

ಸುಮಿಯಾತಿಗೆ ಉಸಿರು ಬಂದಂತಾಯಿತು. ನರ್ಸಿನ ತುಟಿಯನ್ನೇ ನೋಡುತ್ತಿದ್ದ ಕಸ್ಮಿಯ ಮುಖ ಮಾತ್ರ ಸಣ್ಣದಾಯಿತು.

"ಪೂರ್ತಿ ನಿಲ್ಸಿಬಿಟ್ರಾ?" ಎಂದು ಅವಳು ಕೇಳಿದಳು. ನರ್ಸ್ ಹೌದೆಂದು ತಲೆಯಾಡಿಸಿದಳು.

ಅಕ್ಕನನ್ನು ನೋಡಲು ಸುಮಿಯಾತಿಗೆ ನಾಚಿಕೆಯಾಯಿತು. ತಲೆ ತಗ್ಗಿಸಿದಳು. ಕಸ್ಮಿ ಅವಳ ಬೆನ್ನಿಗೊಂದು ಗುದ್ದಿದಳು.

"ನನ್ ಕಾಲಕ್ಕೆ ಈ ಮಾತ್ರೆ ಹುಟ್ಟಿರ್ಲಿಲ್ಲ ಕಣೇ. ನಿನ್ ಕಾಲಕ್ಕೆ ಹುಟ್ಟಿದೆ. ಬಾಯ್ಬಿಟ್ಟು ಹೇಳಕ್ಕೇನೇ ಧಾಡಿ ನಿಂಗೆ?"