ಎಣ್ಣೆ ಕ್ಯಾನಿನ ಎರಡು ವರದಿಗಳು

1988ರ ಡಿಸೆಂಬರಿನಲ್ಲಿ ನಾನು ಚಿಕ್ಕೋಡಿ ಭಾಗದ ಒಂದು ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಉಪನ್ಯಾಸಕಿಯಾಗಿದ್ದೆ. ಸೇವೆಗೆ ಸೇರಿ ಒಂದೂವರೆ ವರ್ಷವಾಗಿತ್ತು. ಪ್ರೊಬೇಷನ್ ಮುಗಿದು ನೌಕರಿ ಕಾಯಂ ಆಗಲು ಇನ್ನೂ ಆರು ತಿಂಗಳು ಬಾಕಿಯಿತ್ತು. ಹೆಣ್ಣುಮಕ್ಕಳನ್ನು ಬೆನ್ನುಚೀಲ ಹೊರಿಸಿ ಸಹ್ಯಾದ್ರಿಗೆ ಚಾರಣಕ್ಕೆ ಕರೆದೊಯ್ಯುವ ಹೊಸ ಪದ್ಧತಿಯನ್ನು ನಾನೇ ಆರಂಭಿಸಿದ್ದೆ. ಆ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಹೆಮ್ಮೆಯಿತ್ತು.

ಚಾರಣದಲ್ಲಿ ಅಕ್ಕಿ, ಬೇಳೆ, ಬೆಲ್ಲ ಯಾವುದೂ ಅಷ್ಟು ಕಾಡುವುದಿಲ್ಲ. ಕಾಡುವುದು ಎಣ್ಣೆ. ಹಿಂದಿನ ವರ್ಷ ನಾವು ಶೇಂಗಾ ಎಣ್ಣೆಯನ್ನು ಸ್ಟೀಲಿನ ಡಬ್ಬಿಯಲ್ಲಿ ಒಯ್ದಿದ್ದೆವು. ಗುಡ್ಡ ಹತ್ತುವಾಗ ಮುಚ್ಚಳ ಸಡಿಲಾಗಿ ಅರ್ಧ ಎಣ್ಣೆ ಒಬ್ಬ ಹುಡುಗಿಯ ಬಟ್ಟೆಗಳಿಗೆ ಇಳಿದಿತ್ತು. ಮರುದಿನ ಬೆಳಗ್ಗೆ ಅವಳ ಚೀಲದ ತುಂಬ ಇರುವೆ. ಹಾಗಾಗಿ ಈ ಸಲ ನಾನು ನಿಪ್ಪಾಣಿ ಪೇಟೆಯಲ್ಲಿ ಒಳಬಿರಡೆಯಿರುವ ಎರಡು ಬಿಳಿ ಪ್ಲಾಸ್ಟಿಕ್ ಕ್ಯಾನ್ ಕೊಂಡೆ. ಒಂದರಲ್ಲಿ ಎರಡು ಲೀಟರ್ ಶೇಂಗಾ ಎಣ್ಣೆ. ಇನ್ನೊಂದರಲ್ಲಿ, ಬೆಳಗಿನ ಚಹಾಕ್ಕೆ ಹಚ್ಚುವ ಪಂಪ್ ಸ್ಟೋವಿಗೆಂದು, ಎರಡು ಲೀಟರ್ ಸೀಮೆಎಣ್ಣೆ. ಎರಡೂ ಹಗುರ, ಎರಡೂ ಸೋರುವುದಿಲ್ಲ. ಬೇರೆಯವರು ಚೆಲ್ಲಿಯಾರೆಂದು ಎರಡನ್ನೂ ನನ್ನ ಚೀಲದಲ್ಲೇ ಇಟ್ಟುಕೊಂಡೆ.

ಅಡುಗೆಗೆ ಚಂಪಾಬಾಯಿ ಬಂದಿದ್ದರು. ಐವತ್ತೈದು ದಾಟಿದ ವಿಧವೆ, ಶೇಡಬಾಳದ ಜೈನ ಮನೆತನದವರು, ನಮ್ಮ ಹಾಸ್ಟೆಲಿನ ಅಡುಗೆಮನೆಯಲ್ಲಿ ಹದಿನಾರು ವರ್ಷ ದುಡಿದವರು. ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಸೂರ್ಯ ಮುಳುಗಿದ ಮೇಲೆ ಅವರು ಊಟ ಮಾಡುತ್ತಿರಲಿಲ್ಲ. ಆ ವ್ರತವನ್ನು ಎಂದೂ ಯಾರ ಮೇಲೂ ಹೇರಿದವರಲ್ಲ. ಹೊತ್ತಾದರೆ ಸುಮ್ಮನೆ ಉಪವಾಸ ಇದ್ದುಬಿಡುತ್ತಿದ್ದರು. ಹೊರಡುವ ಹಿಂದಿನ ದಿನ ಕ್ಯಾನುಗಳನ್ನು ನೋಡಿ, "ಬಾಯಾರ, ಎರಡೂ ಒಂದ ಥರಾ ಅದಾವಲ್ರಿ. ಒಂದಕ್ಕ ಏನರ ಗುರುತ ಮಾಡ್ರಿ" ಎಂದರು. ನಾನು ಎರಡಕ್ಕೂ ಕಾಗದದ ಚೀಟಿ ಅಂಟಿಸಿದೆ.

ನಿಪ್ಪಾಣಿಯಿಂದ ಗಾರಗೋಟಿಯವರೆಗೆ ಬಸ್ಸು, ಅಲ್ಲಿಂದ ಕಾಲ್ನಡಿಗೆ. ಹನ್ನೆರಡು ಹುಡುಗಿಯರು, ನಾನು, ಮಾವಶಿ. ಎರಡನೆಯ ದಿನ ಬೆಳಗ್ಗೆ ಚೀಲ ಕಟ್ಟುವಾಗ ಚೀಟಿಗಳೆರಡೂ, ಸುರಿಯುವಾಗ ಕ್ಯಾನುಗಳ ಮೈಗೆ ಇಳಿದ ಎಣ್ಣೆ ಕುಡಿದು, ಕಿತ್ತುಬಂದು ಚೀಲದ ತಳದಲ್ಲಿ ಮುದ್ದೆಯಾಗಿದ್ದವು. ನಾನು ಅದನ್ನು ನೋಡಿದೆ. ಮುಂದಿನ ಊರಲ್ಲಿ ಒಂದು ದಾರ ಕಟ್ಟಿದರಾಯಿತು ಅಂದುಕೊಂಡು ಹೆಗಲಿಗೇರಿಸಿದೆ. ದಾರ ಕಟ್ಟಲಿಲ್ಲ.

ಅಂದು ಮಧ್ಯಾಹ್ನ ದಾರಿಯ ಲೆಕ್ಕ ತಪ್ಪಿತು. ತಪ್ಪಿಸಿದವಳು ನಾನೇ. ಮೂರೂವರೆಗೆ ಮುಟ್ಟಬೇಕಿದ್ದ ತಂಗುದಾಣಕ್ಕೆ ಐದಕ್ಕೆ ಬಂದೆವು. ಹುಡುಗಿಯರು ಹಳ್ಳದ ದಂಡೆಯಲ್ಲಿ ಕಟ್ಟಿಗೆ ಕೂಡಿಸಿದರು. ಮಾವಶಿ ಮೂರು ಕಲ್ಲಿಟ್ಟು ಒಲೆ ಹೂಡಿದರು. ಬೇಳೆ ಬೆಂದಿತ್ತು, ಒಗ್ಗರಣೆ ಬಾಕಿ. ಪಶ್ಚಿಮದ ಗುಡ್ಡದ ಮೇಲೆ ಸೂರ್ಯ ಕೆಂಪಾಗುತ್ತಿದ್ದ. ನನ್ನ ತಪ್ಪಿನಿಂದ ಅವರಿಗೆ ಉಪವಾಸವಾಗುತ್ತದಲ್ಲ ಎಂಬ ಕಸಿವಿಸಿಯಲ್ಲಿ ನಾನು ಒಂದೇ ಸಮ ಅವಸರ ಮಾಡುತ್ತಿದ್ದೆ.

"ನಂದೇನ ಚಿಂತಿ ಬ್ಯಾಡ್ರಿ ಬಾಯಾರ. ಇವತ್ತೊಂದಿನ ಉಪಾಸ ಇರ್ತೀನಿ. ಹುಡುಗ್ಯಾರು ಉಂಡರ ಸಾಕು" ಎಂದರು ಮಾವಶಿ.

ನಾನು ಕೇಳಲಿಲ್ಲ. ಚೀಲಕ್ಕೆ ಕೈ ಹಾಕಿ, ಸಿಕ್ಕ ಕ್ಯಾನಿನ ಬಿರಡೆ ಬಿಚ್ಚಿ ಅವರ ಕೈಗೆ ಕೊಟ್ಟೆ. ಬೆಳಗಿನಿಂದ ನನ್ನ ಚೀಲವಿಡೀ ಸೀಮೆಎಣ್ಣೆ ನಾರುತ್ತಿತ್ತು, ನನ್ನ ಮೂಗು ಅದಕ್ಕೆ ಒಗ್ಗಿಹೋಗಿತ್ತು. ಅವರ ಮುಖಕ್ಕೆ ಹಸಿ ಕಟ್ಟಿಗೆಯ ಹೊಗೆ ರಾಚುತ್ತಿತ್ತು. ಆದರೂ ಅವರು ಕೇಳಿದರು: "ಇದು ತಿನ್ನೂ ಎಣ್ಣೀನ ಹೌದಿಲ್ರಿ?"

"ಹೌದ್ರಿ ಮಾವಶಿ, ಲಗೂ ಹಾಕ್ರಿ" ಎಂದೆ.

ಕಾದ ಬೋಗುಣಿಗೆ ಸೀಮೆಎಣ್ಣೆ ಬಿದ್ದದ್ದೇ ತಡ, ಬೆಂಕಿ ಆಳೆತ್ತರ ಎದ್ದಿತು. ಮಾವಶಿಯ ಬಲಗೈ ಮತ್ತು ಸೆರಗು ಹೊತ್ತಿಕೊಂಡವು. ನಾನು ಕಂಬಳಿ ಎಳೆದುಕೊಂಡು ಅವರ ಮೇಲೆ ಬಿದ್ದು ಬೆಂಕಿ ಆರಿಸಿದೆ. ಹಳ್ಳದ ನೀರಿನಲ್ಲಿ ಅವರ ಕೈಯನ್ನು ಬಹಳ ಹೊತ್ತು ಅದ್ದಿ ಹಿಡಿದೆವು. ಅವರು ಕೂಗಲಿಲ್ಲ. ಹುಡುಗಿಯರು ಅಳುತ್ತಿದ್ದರೆ, "ಅಳಬ್ಯಾಡ್ರವ್ವಾ" ಎಂದು ಅವರೇ ಸಮಾಧಾನ ಮಾಡಿದರು. ಕೆಳಗಿನ ಹಳ್ಳಿಯ ಒಂದು ಜೀಪು ಸಿಕ್ಕು ಗಾರಗೋಟಿಯ ಆಸ್ಪತ್ರೆ ತಲುಪಿದೆವು. ಮೊಣಕೈವರೆಗೆ ಸುಟ್ಟಿತ್ತು. ಜೀವಕ್ಕೆ ಅಪಾಯವಿಲ್ಲ ಎಂದರು ಡಾಕ್ಟರು.

ಊರಿಗೆ ಮರಳಿದ ಮೂರನೆಯ ದಿನ ಪ್ರಿನ್ಸಿಪಾಲರು ವರದಿ ಕೇಳಿದರು. ನಮ್ಮಲ್ಲಿ ಇಂಥದ್ದಕ್ಕೆ ಇನ್ಸಿಡೆಂಟ್ ರಿಪೋರ್ಟ್ ಎನ್ನುತ್ತಿದ್ದರು. ಏನಾಯಿತು, ಯಾಕಾಯಿತು, ಯಾರ ಹೊಣೆ ಎಂದು ತಂಡದ ಮುಖ್ಯಸ್ಥರು ಬರೆದು ಕೊಡಬೇಕು. ನಾನು ಇಂಗ್ಲಿಷಿನಲ್ಲಿ ಒಂದೂವರೆ ಪುಟ ಬರೆದೆ. ಅದರ ಸಾರಾಂಶವಿಷ್ಟು: ಸೂರ್ಯಾಸ್ತದೊಳಗೆ ಊಟ ಮಾಡಬೇಕೆಂಬ ಆತುರದಲ್ಲಿ ಅಡುಗೆಯವರು ಪರೀಕ್ಷಿಸದೆ ತಪ್ಪು ಕ್ಯಾನನ್ನು ಬಳಸಿದರು, ಉಪನ್ಯಾಸಕಿ ಕೂಡಲೇ ಕಂಬಳಿ ಹೊದಿಸಿ ಅನಾಹುತ ತಪ್ಪಿಸಿದರು. ಕ್ಯಾನನ್ನು ಕೊಟ್ಟವರು ಯಾರು ಎಂಬುದು ಅದರಲ್ಲಿರಲಿಲ್ಲ. ಚೀಟಿಯ ಮಾತೂ ಇರಲಿಲ್ಲ. ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಪ್ರೊಬೇಷನ್ ಒಂದೇ.

ಗಾಯಾಳುವಿನ ಸಹಿ ಬೇಕಿತ್ತು. ಮಾವಶಿ ಹಾಸ್ಟೆಲಿನ ತಮ್ಮ ಕೋಣೆಯಲ್ಲಿ ಮಂಚದ ಮೇಲೆ ಕುಳಿತಿದ್ದರು, ಬಲಗೈಗೆ ಬ್ಯಾಂಡೇಜು. ಅವರು ಕನ್ನಡ ಚೆನ್ನಾಗಿ ಓದುತ್ತಿದ್ದರು, ಮರಾಠಿಯನ್ನೂ ಓದುತ್ತಿದ್ದರು. ಇಂಗ್ಲಿಷ್ ಬರುತ್ತಿರಲಿಲ್ಲ.

"ಏನ ಬರದೀರ್ರಿ ಇದರಾಗ?"

"ಆಗಿದ್ದನ್ನ ಬರದೀನ್ರಿ ಮಾವಶಿ."

ಅವರು ಎಡಗೈಯಿಂದ, ನಿಧಾನವಾಗಿ, ಸೊಟ್ಟ ಅಕ್ಷರಗಳಲ್ಲಿ ಸಹಿ ಮಾಡಿಕೊಟ್ಟರು.

ಫೆಬ್ರುವರಿಯಲ್ಲಿ ಹಾಸ್ಟೆಲ್ ಸಮಿತಿ ಅವರನ್ನು ಕೆಲಸದಿಂದ ಬಿಡಿಸಿತು. ಅದೇ ತಿಂಗಳು ಸಿಬ್ಬಂದಿ ಸಭೆಯಲ್ಲಿ ಪ್ರಿನ್ಸಿಪಾಲರು ನನ್ನ ಸಮಯಪ್ರಜ್ಞೆಯನ್ನು ಹೊಗಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದುನಿಂತು ನಮಸ್ಕಾರ ಮಾಡಿದೆ. ಈ ಬರಹದಲ್ಲಿ ಬರೆಯಲು ಅತ್ಯಂತ ಕಷ್ಟವಾದ ವಾಕ್ಯ ಇದು. ಜೂನಿನಲ್ಲಿ ನೌಕರಿ ಕಾಯಂ ಆಯಿತು. ಇನ್ನು ಹೆದರಿಕೆಗೆ ಕಾರಣವಿರಲಿಲ್ಲ, ಆದರೂ ಎರಡು ತಿಂಗಳು ಬಾಯಿ ಬಿಡಲಿಲ್ಲ. ಹಾಸ್ಟೆಲಿನ ಅಡುಗೆಮನೆಯ ದಾರಿ ಬಿಟ್ಟು ಸುತ್ತುಬಳಸಿ ಓಡಾಡುತ್ತಿದ್ದೆ, ಅಷ್ಟೇ.

ಆಗಸ್ಟಿನ ಕೊನೆಗೆ ಪ್ರಿನ್ಸಿಪಾಲರು ನನ್ನನ್ನು ಕರೆದು, ಮುಂದಿನ ಚಾರಣಕ್ಕೆ ಸುರಕ್ಷತಾ ಸೂಚನೆಗಳನ್ನು ಬರೆದುಕೊಡಿ, ಅನುಭವವಿರುವವರು ನೀವೇ ಎಂದರು. ನಾನು ಕುಳಿತು ಬರೆಯತೊಡಗಿದೆ: 'ಒಂದು, ಅಡುಗೆ ಎಣ್ಣೆಯನ್ನೂ ಸೀಮೆಎಣ್ಣೆಯನ್ನೂ ಒಂದೇ ಥರದ ಕ್ಯಾನುಗಳಲ್ಲಿ ಒಯ್ಯಬಾರದು. ಎರಡು, ಒಬ್ಬರೇ ಎರಡನ್ನೂ ಹೊರಬಾರದು. ಮೂರು, ಚೀಟಿ ಕಿತ್ತುಬಂದರೆ...' ಮುಂದೆ ಕೈ ಓಡಲಿಲ್ಲ. ಒಂದೊಂದು ಸೂಚನೆಯೂ ನಾನು ಮಾಡಿದ ಒಂದೊಂದು ತಪ್ಪಾಗಿತ್ತು. ಕಾಗದ ಹರಿದು ಹಾಕಿದೆ. ಆ ಭಾನುವಾರ ರಾಯಬಾಗಕ್ಕೆ ಹೋಗಿ ಪ್ಯಾಸೆಂಜರ್ ರೈಲು ಹತ್ತಿದೆ.

ಶೇಡಬಾಳದಲ್ಲಿ ಮಾವಶಿ ತಮ್ಮನ ಮನೆಯಲ್ಲಿದ್ದರು. ಕಟ್ಟೆಯ ಮೇಲೆ ಕುಳಿತು ಎಡಗೈಯಿಂದ ಒಣ ಶೇಂಗಾ ಸುಲಿಯುತ್ತಿದ್ದರು. ಬಲಗೈಯ ಚರ್ಮ ಬಿಗಿದು ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಒಂದು ಹೊತ್ತಿಗೆ ಎಂಬತ್ತು ರೊಟ್ಟಿ ಬಡಿಯುತ್ತಿದ್ದ ಕೈ ಅದು.

"ಬರ್ರಿ ಬಾಯಾರ, ಕೂಡ್ರಿ" ಎಂದರು. ಒಳಗೆ ನೀರಿಗೆ ಹೇಳಿದರು.

ನಾನು ಕೂಡಲಿಲ್ಲ. "ಮಾವಶಿ, ಆ ಕ್ಯಾನ್ ಕೊಟ್ಟಾಕಿ ನಾನು. ರಿಪೋರ್ಟಿನ್ಯಾಗ ತಪ್ಪೆಲ್ಲಾ ನಿಮ್ಮದು ಅಂತ ಬರದೀನಿ" ಎಂದೆ.

"ಗೊತ್ತೈತ್ರಿ. ಕೆಲಸ ಬಿಡಿಸಿದ ಕಾಗದಾ ಕನ್ನಡದಾಗ ಬಂದಿತ್ತು." ಅವರ ದನಿ ಏರಲಿಲ್ಲ. "ಕೈ ಸುಟ್ಟದ್ದಕ್ಕ ನಾ ನಿಮ್ಮ ಮ್ಯಾಲೆ ಸಿಟ್ಟಾಗಿಲ್ಲ. ತಪ್ಪು ಯಾರ ಕೈಲಾದರೂ ಆಗತೈತಿ. ಆದರ ನನ್ನ ವ್ರತದ ಮ್ಯಾಲೆ ಹಾಕಿದ್ರಲ್ಲ ಬಾಯಾರ. ನಾ ಉಪಾಸ ಇರ್ತೀನಿ ಅಂದಿದ್ದೆ. ಲಗೂ ಮಾಡ್ರಿ ಅಂದಾಕಿ ನೀವು. ಈಗ ಊರಾಗ ಮಂದಿ, ಹೊಟ್ಟಿ ಅವಸರಕ್ಕ ಕೈ ಸುಟ್ಟಕೊಂಡಾಳ ಅಂತಾರ."

ಕ್ಷಮಿಸಿ ಎಂದೆ. ಅವರು ಅದಕ್ಕೆ ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಸುಲಿದ ಕಾಳನ್ನು ಪಕ್ಕಕ್ಕೆ ಸರಿಸಿ, "ಮತ್ತೊಮ್ಮೆ ಬರೀರಿ. ಈಗ ಕನ್ನಡದಾಗ ಬರೀರಿ. ನಾ ಓದಿ ಸಹಿ ಮಾಡ್ತೀನಿ" ಎಂದರು.

ಅದೇ ಕಟ್ಟೆಯ ಮೇಲೆ ಕುಳಿತು ಬರೆದೆ. ಅವರು ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು ಸಾಲಿನ ಕೆಳಗೆ ಬೆರಳು ಸರಿಸುತ್ತ ಓದಿದರು. ಒಂದು ಕಡೆ ಬೆರಳು ನಿಂತಿತು. 'ಚೀಟಿಗಳು ಗಮನಕ್ಕೆ ಬಾರದಂತೆ ಕಿತ್ತುಹೋಗಿದ್ದವು' ಎಂದು ಬರೆದಿದ್ದೆ.

"ನಿಮಗ ಗೊತ್ತಿರಲಿಲ್ಲೇನ್ರಿ?"

ಅಷ್ಟು ದೂರ ಹೋಗಿ, ತಪ್ಪೊಪ್ಪಿಕೊಳ್ಳಲೆಂದೇ ಕುಳಿತು, ಆಗಲೂ ನಾನು ನನಗೊಂದು ಸಂದು ಉಳಿಸಿಕೊಂಡಿದ್ದೆ. "ಗೊತ್ತಿತ್ರಿ" ಎಂದೆ. ಆ ಮಾತು ಹೊಡೆದುಹಾಕಿ, 'ಬೆಳಗ್ಗೆಯೇ ನಾನು ನೋಡಿದ್ದೆ' ಎಂದು ಬರೆದೆ. ಆಮೇಲೆ ಅವರು ಸಹಿ ಮಾಡಿದರು.

ಪ್ರಿನ್ಸಿಪಾಲರು ಮೊದಲು ಆ ಕಾಗದ ತೆಗೆದುಕೊಳ್ಳಲಿಲ್ಲ. ಮುಗಿದ ಫೈಲನ್ನು ಯಾಕೆ ತೆರೆಯುತ್ತೀರಿ, ನಿಮಗೇ ಕೆಟ್ಟದ್ದು ಎಂದರು. ನಾನು ಅದನ್ನು ಕಾಗದಪತ್ರ ಸ್ವೀಕರಿಸುವ ಆವಕ ವಿಭಾಗದಲ್ಲಿ ಕೊಟ್ಟು ನಂಬರು ಹಾಕಿಸಿದೆ. ವಿಚಾರಣೆಯಾಯಿತು. ನನ್ನ ಸೇವಾ ಪುಸ್ತಕದಲ್ಲಿ ಎಚ್ಚರಿಕೆ ದಾಖಲಾಯಿತು, ಮೂರು ವರ್ಷ ಚಾರಣದ ಹೊಣೆಯಿಂದ ದೂರವಿಟ್ಟರು. ಮಾವಶಿಯ ಮೇಲಿನ ಆರೋಪ ಹಿಂಪಡೆದು, ಮರಳಿ ಕೆಲಸಕ್ಕೆ ಬರುವಂತೆ ಸಮಿತಿ ಪತ್ರ ಬರೆಯಿತು. ಅವರು ಬರಲಿಲ್ಲ. ಕೈ ನಡೆಯುವುದಿಲ್ಲ ಎಂದು ಉತ್ತರಿಸಿದರು. ಆ ಪತ್ರವನ್ನು ಮಾತ್ರ ತಮ್ಮನಿಂದ ಬಸದಿಯ ಕಟ್ಟೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಿಸಿದರಂತೆ.

1993ರಿಂದ ನಾನು ಮತ್ತೆ ಚಾರಣಗಳನ್ನು ನಡೆಸಿದೆ. ಅಡುಗೆ ಎಣ್ಣೆಗೆ ಸಣ್ಣ ಬಾಯಿಯ ಸ್ಟೀಲ್ ಬಾಟಲಿ, ಮುಚ್ಚಳದೊಳಗೆ ರಬ್ಬರ್ ವಾಷರ್. ಸೀಮೆಎಣ್ಣೆ ತಗಡಿನ ಡಬ್ಬಿಯಲ್ಲಿ, ಬೇರೆಯವರ ಹೆಗಲಲ್ಲಿ. ಬಳಸುವ ಮುನ್ನ ಕೊಡುವವರೂ ಹಾಕುವವರೂ ಇಬ್ಬರೂ ಅಂಗೈಗೆ ಒಂದು ಹನಿ ಸುರಿದು ಮೂಸಬೇಕು. ಇಷ್ಟು ಮಾಡಿದರೆ ಸಾಕು, ಎಣ್ಣೆಯಿಂದ ಯಾರಿಗೂ ಕೇಡಾಗುವುದಿಲ್ಲ.

ಇವು ಯಾರಾದರೂ ಕಲಿಯಬಹುದಾದ ಎಚ್ಚರಿಕೆಗಳು. ನೌಕರಿ ನನಗೆ ಕಲಿಸಿದ್ದು ಬೇರೆ. ಅವಘಡ ಯಾರ ಕೈಯಲ್ಲಾದರೂ ಆಗುತ್ತದೆ, ಆದರೆ ವರದಿ ಬರೆಯುವ ಪೆನ್ನು ಒಬ್ಬರ ಕೈಯಲ್ಲಿರುತ್ತದೆ. ಹಳ್ಳದ ದಂಡೆಯಲ್ಲಿ ನಾನು ಮಾಡಿದ್ದು ಅಜಾಗರೂಕತೆ. ಮೇಜಿನ ಮುಂದೆ, ಬೆಳಗಿನ ಹೊತ್ತು, ತಣ್ಣಗೆ ಕುಳಿತು ಮಾಡಿದ್ದು ಅನ್ಯಾಯ. ನಿವೃತ್ತಿಯಾಗುವವರೆಗೆ ನಾನು ಬರೆದ ಪ್ರತಿ ವರದಿಯ ಮೊದಲ ಸಾಲು 'ನಾನು ಮಾಡಿದ್ದು' ಎಂದು ಶುರುವಾಗುತ್ತಿತ್ತು, ಮತ್ತು ಅದರಲ್ಲಿ ಹೆಸರು ಬಂದ ಪ್ರತಿಯೊಬ್ಬರಿಗೂ ಅವರ ಭಾಷೆಯಲ್ಲಿ ಓದಿ ಹೇಳಿದ ಮೇಲೆಯೇ ನಾನು ಸಹಿ ಹಾಕುತ್ತಿದ್ದೆ.