ಡ್ರಿಲ್ ಮಾಸ್ತರನಾಗದ ಮೌನಪ್ಪ

ದೇವದುರ್ಗದ ಕಡೆಯ ಮಸರಕಲ್ಲಿನಲ್ಲಿ ಕೂಲಿ ಮಾಡುತ್ತಿದ್ದ ಮೂಕಮ್ಮನ ಮಗ ಮೌನಪ್ಪ. ಓಟಕ್ಕೆ ನಿಂತರೆ ತಾಲೂಕಿನಲ್ಲೇ ಅವನನ್ನು ಹಿಂದೆ ಹಾಕುವವರಿರಲಿಲ್ಲ. ಅವರ ಕೇರಿಯಲ್ಲಿ ಮೆಟ್ರಿಕ್ ಮುಗಿಸಿದ ಮೊದಲಿಗನೂ ಅವನೇ. ೧೯೪೪ರಲ್ಲಿ, ಡ್ರಿಲ್ ಮಾಸ್ತರರನ್ನು ತಯಾರು ಮಾಡುವ ಎರಡು ವರ್ಷದ ತರಗತಿಗೆಂದು ರಾಯಚೂರಿಗೆ ಬಂದ.

ಬರೀ ಕಸರತ್ತು ಇರುತ್ತದೆ ಅಂದುಕೊಂಡಿದ್ದ. ಆದರೆ ಓಡುವಾಗ ಎದೆ ಯಾಕೆ ಬಡಕೊಳ್ಳುತ್ತದೆ, ದಣಿದ ಮೀನಖಂಡ ಯಾಕೆ ಹಿಡಿದುಕೊಳ್ಳುತ್ತದೆ ಎಂಬುದನ್ನೆಲ್ಲ ಉಸ್ತಾದ್ ವಲಿ ಪಾಷಾ ಉರ್ದುವಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಅವ್ವನ ಸೊಂಟ ನಲವತ್ತಕ್ಕೇ ಬಾಗಿದ್ದೇಕೆಂಬುದು ಮೌನಪ್ಪನಿಗೆ ಅಲ್ಲಿ ತಿಳಿಯಿತು. ಓದಿನ ಹುಚ್ಚು ಹತ್ತಿತು.

ಒಂದು ದಿನ ಜೋಡಿ ಜೋಡಿಯಾಗಿ ನಾಡಿ ಎಣಿಸಬೇಕಿತ್ತು. ಮೌನಪ್ಪನ ಜೋಡಿ ಮಾನ್ವಿಯ ಅಕ್ಕಿ ಮಿಲ್ಲಿನವರ ಮಗ ಗಡಿಗೆಪ್ಪ. ಅವನು ಕೈ ಹಿಂದಕ್ಕೆಳೆದುಕೊಂಡ.

"ಮುಟ್ಟಬ್ಯಾಡಲೇ. ನಮ್ಮವ್ವ ಮನಿಯೊಳಗ ಬಿಡಂಗಿಲ್ಲ."

ವಲಿ ಪಾಷಾ ತಮ್ಮ ಅಂಗಿಯ ತೋಳು ಮಡಚಿ ಕೈ ಮುಂದೆ ಹಿಡಿದರು. ಎರಡು ವರ್ಷವೂ ಮೌನಪ್ಪನಿಗೆ ಅದೊಂದೇ ಕೈ.

ಕೊನೆಯ ಪರೀಕ್ಷೆಯಲ್ಲಿ ಸಹಪಾಠಿಯೊಬ್ಬನ ತೋಳಿಗೆ ಪಟ್ಟಿ ಕಟ್ಟಿ ತೋರಿಸಬೇಕಿತ್ತು. ಹನ್ನೊಂದು ಮಂದಿಯಲ್ಲಿ ಒಬ್ಬನೂ ಮುಂದೆ ಬರಲಿಲ್ಲ. ವಲಿ ಪಾಷಾ ಎದ್ದು ನಿಂತರು. ಪರೀಕ್ಷಕರು, ಉಸ್ತಾದರ ಮೇಲೆ ಮಾಡಿದ್ದು ನಡೆಯುವುದಿಲ್ಲವೆಂದು ಸೊನ್ನೆ ಹಾಕಿದರು. ಬರವಣಿಗೆಯಲ್ಲಿ ಎಲ್ಲರಿಗಿಂತ ಮುಂದಿದ್ದ ಮೌನಪ್ಪ ನಪಾಸಾದ. ಮರುವರ್ಷ ಮತ್ತೆ ಕೂತ. ಹುಡುಗರು ಬೇರೆ, ನಡೆದದ್ದು ಅದೇ.

ಗಡಿಗೆಪ್ಪ ಡ್ರಿಲ್ ಮಾಸ್ತರನಾದ. ಮೌನಪ್ಪ ಮಾನ್ವಿಯ ಒಂದು ಮಿಲ್ಲಿನಲ್ಲಿ ಚೀಲ ಹೊರಲು ನಿಂತ. ಮೂರನೆಯ ಸಲದ ಅರ್ಜಿ ಹಿಡಿದು ವಲಿ ಪಾಷಾ ಅಲ್ಲಿಗೇ ಹುಡುಕಿಕೊಂಡು ಬಂದರು.

"ಸಹಿ ಮಾಡು ಬೇಟಾ. ಮಂದಿ ಬದಲಾಗ್ತಾರ."

"ನಿಮಗ ಖರೇನ ಹಂಗ ಅನಸ್ತದೇನ್ರಿ, ಸಾಹೇಬ್ರ?"

ಅವರು ಕಣ್ಣು ತಗ್ಗಿಸಿ ಅರ್ಜಿಯ ಸುಕ್ಕು ತೀಡಿದರು.

"ಎಲ್ಲಾರ ಮುಂದ ಮತ್ತ ಹಂಗ ನಿಂದ್ರಾಕ ನನ್ನ ಕೈಲೆ ಆಗಂಗಿಲ್ರಿ," ಅಂದ ಮೌನಪ್ಪ. ವಲಿ ಪಾಷಾ ಅರ್ಜಿ ಮಡಚಿಕೊಂಡು ಹೋದರು. ೧೯೪೮ರಲ್ಲಿ ನಿಜಾಮನ ರಾಜ್ಯದ ಮೇಲೆ ನಡೆದ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಅವರು ರಾಯಚೂರು ಬಿಟ್ಟರಂತೆ. ಎಲ್ಲಿಗೆಂದು ಯಾರಿಗೂ ತಿಳಿಯಲಿಲ್ಲ.

ಬೆನ್ನಿಗೆ ಪೆಟ್ಟಾಗದಂತೆ ಚೀಲ ಹೊರುವುದು ಹೇಗೆಂದು ಮೌನಪ್ಪ ಜೊತೆಯವರಿಗೆ ಹೇಳಿಕೊಡಲು ನೋಡಿದ. ಹಾಗೆ ಹೊತ್ತರೆ ತಡವಾಗುತ್ತದೆಂದು ಮೇಸ್ತ್ರಿ ಗದರಿದ. ೧೯೪೯ರ ಬೇಸಿಗೆಯಲ್ಲಿ ಮೌನಪ್ಪ ಕಾಲು ಜಾರಿ ಚೀಲದಡಿ ಬಿದ್ದ. ಯಾವ ಎಲುಬು ಸರಿದಿದೆಯೆಂದು ಬಿದ್ದಲ್ಲೇ ಅವನಿಗೆ ಗೊತ್ತಾಯಿತು.

"ಎಳಿಬ್ಯಾಡ್ರಿ, ಹಲಗಿ ತರ್ರಿ," ಎಂದು ಕೂಗಿದ.

ಗಾಬರಿಯಲ್ಲಿ ಯಾರಿಗೂ ಕೇಳಲಿಲ್ಲ. ಕಂಕುಳಿಗೆ ಕೈ ಹಾಕಿ ಎಳೆದರು. ಸೊಂಟದ ಕೆಳಗೆ ಅವನಿಗೆ ಮತ್ತೆ ಸ್ವಾಧೀನ ಬರಲಿಲ್ಲ. ಆಗ ಅವನಿಗಿನ್ನೂ ಇಪ್ಪತ್ತಾರು ತುಂಬಿರಲಿಲ್ಲ.